ನಿದ್ದೆಯಲ್ಲಿ ಹಲ್ಲು ಕಡಿಯುವುದು: ಬಾಗಲಕೋಟೆ ಕಡೆ ಏನು ಪರೀಕ್ಷೆ, ಏನು ಚಿಕಿತ್ಸೆ ಮಾಡಿಸಬೇಕು?

ನವನಗರ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರ ವಿಷಯ ಕೇಳಬೇಕಿತ್ತು. ಅವರಿಗೆ ಮುಧೋಳ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ನುರಿಸುವ ಹಂಗಾಮಿನಲ್ಲಿ ಪಾಳಿ ಬದಲಾಗುತ್ತಲೇ ಇರುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಸಣ್ಣ ಸದ್ದಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದ ಮಗಳಿಗೂ ಕೇಳಿಸುತ್ತದೆ. ಕರ್ ಕರ್ ಅಂತ ಸ್ವಲ್ಪ ಹೊತ್ತು, ಆಮೇಲೆ ಸುಮ್ಮನಾಗುತ್ತಾರೆ, ಮತ್ತೆ ಶುರು. ಅವರಿಗೆ ಏನೂ ಗೊತ್ತಾಗುವುದಿಲ್ಲ. "ನಾನೆಲ್ಲಿ ಕಡಿದೆ?" ಅಂತಾರೆ.

ಬೆಳಿಗ್ಗೆ ಎದ್ದ ಕೂಡಲೇ ಕಣತಲೆಯಲ್ಲಿ, ಕಿವಿಯ ಮುಂದೆ ನೋವು. ಚಹಾ ಕುಡಿಯುವ ಹೊತ್ತಿಗೆ ಕಡಿಮೆಯಾಗುತ್ತದೆ. ಮೊನ್ನೆ ಕಡಕ್ ರೊಟ್ಟಿ ತಿನ್ನುವಾಗ ಸಿಮೆಂಟ್ ತುಂಬಿಸಿದ್ದ ದವಡೆ ಹಲ್ಲಿನ ಒಂದು ಮೂಲೆ ಮುರಿದು ಕೈಗೆ ಬಂತು. ಒಂದು ಕ್ಲಿನಿಕ್‌ಗೆ ಹೋದೆವು. ಅಲ್ಲಿ ಬಾಯಿ ತೆರೆಸಿ ನೋಡಿದವರೇ, "ಹಲ್ಲು ಸರಿ ಕೂಡುತ್ತಿಲ್ಲ, ಎತ್ತರ ಇರುವ ಹಲ್ಲುಗಳನ್ನೆಲ್ಲ ತಿಕ್ಕಿ ಸಮ ಮಾಡಬೇಕು, ಆರು ಹಲ್ಲಿಗೆ ಕ್ಯಾಪ್ ಹಾಕಬೇಕು, ಇಲ್ಲಾಂದ್ರೆ ಕಡಿಯುವುದು ನಿಲ್ಲಲ್ಲ" ಅಂದರು. ನಿದ್ದೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ದುಡ್ಡು ಹೊಂದಿಸುವುದು ಒಂದು ಚಿಂತೆ. ಚೆನ್ನಾಗಿರುವ ಹಲ್ಲನ್ನು ತಿಕ್ಕಿಸುವುದು ಅದಕ್ಕಿಂತ ದೊಡ್ಡ ಚಿಂತೆ. ಅತ್ತೆಯವರು ಹೊಟ್ಟೆಯಲ್ಲಿ ಹುಳ ಆಗಿದೆ ಅಂತಿದ್ದಾರೆ. ಯಾರಿಗಾದರೂ ಅನುಭವ ಇದ್ದರೆ ದಯವಿಟ್ಟು ತಿಳಿಸಿ.

ಹಳೇ ಬಾಗಲಕೋಟಿ ಹಿರಿಯರು

ತಂಗಿ, ನಿಮ್ಮ ಅತ್ತೆ ಹೇಳಿದ್ದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಯಾವ ಮಗು ಹಲ್ಲು ಕಡಿದರೂ ನಮ್ಮ ಅವ್ವ ಮೊದಲು ಹುಳದ ಔಷಧಿ ಕೊಡಿಸುತ್ತಿದ್ದಳು. ಕೆಲವು ದಿನಕ್ಕೆ ನಿಲ್ಲುತ್ತಿತ್ತು. ಒಂದು ಗುಳಿಗೆಯಿಂದ ಆಗುವ ಕೆಲಸಕ್ಕೆ ಆರು ಕ್ಯಾಪ್ ಯಾಕೆ? ಮೊದಲು ಅದನ್ನು ಮಾಡಿ ನೋಡಿ.

ದವಡೆ ಡಾಕ್ಟರ್

ನಾನು ದಂತವೈದ್ಯೆ. ಕೃತಕ ಹಲ್ಲು, ಕ್ಯಾಪ್, ಸ್ಪ್ಲಿಂಟ್ (ಹಲ್ಲು ಸವೆಯದಂತೆ ಮಲಗುವಾಗ ಹಾಕುವ ಗಟ್ಟಿ ಕವಚ) ಮಾಡುವ ವಿಭಾಗದಲ್ಲಿ ಓದಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ಮಾತು. ನವನಗರ ಅಕ್ಕಾ, ಹಲ್ಲು ತಿಕ್ಕಿಸುವುದನ್ನು ಸದ್ಯ ನಿಲ್ಲಿಸಿ. ತಿಕ್ಕಿದ ಎನಾಮಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಪದರ, ಮತ್ತೆ ಬೆಳೆಯುವುದಿಲ್ಲ. ಹಲ್ಲು ಸರಿ ಕೂಡದಿದ್ದರೆ ರಾತ್ರಿ ಕಡಿಯುತ್ತಾರೆ ಅನ್ನುವುದು ಹಳೆಯ ತಿಳಿವಳಿಕೆ. ತಿಕ್ಕಿ ಸಮ ಮಾಡಿದರೆ ಕಡಿಯುವುದು ನಿಲ್ಲುತ್ತದೆ ಅನ್ನಲು ಆಧಾರ ಸಿಕ್ಕಿಲ್ಲ. ಮುರಿದ ಹಲ್ಲಿಗೆ ಏನು ಬೇಕೋ ಅದನ್ನು ಮಾಡಿಸಿ, ಅದು ಬೇರೆ ವಿಷಯ. ಉಳಿದ ಐದು ಹಲ್ಲಿಗೆ ಕ್ಯಾಪ್ ಯಾಕೆ ಅಂತ ಒಂದೊಂದಾಗಿ ಕೇಳಿ. ಬಾಯಲ್ಲಿರುವುದು ನಿಮ್ಮ ಮನೆಯವರ ಹಲ್ಲು, ಕೇಳುವ ಹಕ್ಕು ನಿಮಗಿದೆ.

ಈ ಕಡಿತ ಹುಟ್ಟುವುದು ಹಲ್ಲಲ್ಲಿ ಅಲ್ಲ, ಮಿದುಳಲ್ಲಿ. ರಾತ್ರಿ ನಮಗೆಲ್ಲ ಆಗಾಗ ಅರೆಕ್ಷಣದ ಎಚ್ಚರ ಬರುತ್ತದೆ, ನಮಗೆ ಗೊತ್ತಾಗುವುದಿಲ್ಲ. ಪ್ರಯೋಗಾಲಯದಲ್ಲಿ ನೋಡಿದಾಗ ಒಂದು ಕ್ರಮ ಕಾಣುತ್ತದೆ. ಮೊದಲು ಮಿದುಳಿನ ಅಲೆ ಚುರುಕಾಗುತ್ತದೆ. ನಂತರ ಎದೆಬಡಿತ ಏರುತ್ತದೆ. ಆಮೇಲೆ ದವಡೆಯ ಸ್ನಾಯು ಸೆಕೆಂಡಿಗೆ ಸುಮಾರು ಒಂದು ಸಲದಂತೆ ಬಿಗಿಯುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಹಲ್ಲು ಹಲ್ಲಿಗೆ ತಾಗುವುದು ಕೊನೆಗೆ. ಹೆಚ್ಚಾಗಿ ಹಗುರ ನಿದ್ದೆಯಲ್ಲಿ ಆಗುತ್ತದೆ. ಹೀಗೆ ದವಡೆ ಆಡಿಸುವುದು ಹಲ್ಲು ಕಡಿಯದವರಲ್ಲೂ ಇರುತ್ತದೆ, ಸುಮಾರು 60% ಜನರಲ್ಲಿ ಕಂಡಿದೆ. ಕಡಿಯುವವರಲ್ಲಿ ಅದು ಜಾಸ್ತಿ ಸಲ, ಜಾಸ್ತಿ ಬಲದಿಂದ ಆಗುತ್ತದೆ, ಸದ್ದೂ ಬರುತ್ತದೆ. ದೊಡ್ಡವರಲ್ಲಿ ನೂರಕ್ಕೆ ಎಂಟು ಹತ್ತು ಮಂದಿ ಕಡಿಯುತ್ತಾರೆ. ವಯಸ್ಸಾದಂತೆ ಕಡಿಮೆಯಾಗುತ್ತದೆ.

2018ರಲ್ಲಿ ಈ ವಿಷಯದ ತಜ್ಞರು ಕೂಡಿ ಒಂದು ಒಮ್ಮತಕ್ಕೆ ಬಂದರು: ಬೇರೆ ತೊಂದರೆ ಇಲ್ಲದವರಲ್ಲಿ ನಿದ್ದೆಯ ಹಲ್ಲುಕಡಿತವನ್ನು ರೋಗ ಅನ್ನಬೇಡಿ, ಅದೊಂದು ಸ್ನಾಯುವಿನ ಚಟುವಟಿಕೆ ಅಂತ. ಹಾಗಾಗಿ ನಾವು ನೋಡಬೇಕಾದದ್ದು ಎರಡು. ಅದರಿಂದ ಹಾನಿ ಆಗುತ್ತಿದೆಯಾ? ಅದರ ಹಿಂದೆ ಬೇರೆ ಏನಾದರೂ ಇದೆಯಾ? ಹಾನಿ ನಿಮ್ಮ ಮನೆಯವರಲ್ಲಿ ಕಾಣುತ್ತಿದೆ. ಹಿಂದೆ ಏನಿದೆ ಅನ್ನುವುದಕ್ಕೆ ಕೆಲವು ಪ್ರಶ್ನೆ ಕೇಳುತ್ತೇನೆ. ಗೊರಕೆ ಹೊಡೆಯುತ್ತಾರಾ? ನಡುವೆ ಉಸಿರು ನಿಂತಂತಾಗಿ, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರಾ? ಹಗಲು ಕೂತಲ್ಲೇ ತೂಕಡಿಸುತ್ತಾರಾ? ಬಿಪಿ ಇದೆಯಾ? ಎದೆಯುರಿ, ಹುಳಿತೇಗು? ಯಾವ ಮಾತ್ರೆ ನಡೆಯುತ್ತಿದೆ? ರಾತ್ರಿ ಚಹಾ ಎಷ್ಟು, ತಂಬಾಕು, ಸಾರಾಯಿ?

ಹಿರಿಯರೇ, ಹುಳದ ಮಾತು ನಮ್ಮ ಮನೆಗಳಲ್ಲೂ ಇದೆ. ಮಕ್ಕಳಲ್ಲಿ ಕೆಲವು ಕಡೆ ನಂಟು ಕಂಡಿದ್ದಾರೆ, ಆದರೆ ಗಟ್ಟಿಯಾಗಿ ಹೇಳುವಷ್ಟಿಲ್ಲ. ಮಕ್ಕಳ ಕಡಿತ ತಾನಾಗೇ ಬಂದು ಹೋಗುತ್ತಿರುತ್ತದೆ, ಹಾಗಾಗಿ ಗುಳಿಗೆ ಕೊಟ್ಟ ಮೇಲೆ ನಿಂತರೆ ಗುಳಿಗೆಯಿಂದಲೇ ನಿಂತಿತು ಅನಿಸುತ್ತದೆ. ಮಕ್ಕಳಿಗೆ ಫೆಬ್ರವರಿ 10ರಂದು ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಅನ್ನುವ ಹುಳದ ಗುಳಿಗೆ ಕೊಡುತ್ತಾರಲ್ವಾ, ಅದನ್ನು ಖಂಡಿತ ಕೊಡಿಸಿ. ರಕ್ತಹೀನತೆಗೆ, ಬೆಳವಣಿಗೆಗೆ ಒಳ್ಳೆಯದು. ಆದರೆ ವಯಸ್ಸಿಗೆ ಬಂದ ಮನುಷ್ಯ ನಿದ್ದೆಯಲ್ಲಿ ಕಡಿದು ಹಲ್ಲು ಮುರಿದುಕೊಂಡರೆ ಕಾರಣವನ್ನು ಹೊಟ್ಟೆಯಲ್ಲಿ ಹುಡುಕುತ್ತಾ ಕೂರಬಾರದು.

ಟಿಳಕವಾಡಿ

ಡಾಕ್ಟ್ರ ಪ್ರಶ್ನೆಗಳಿಗೆ ನನ್ನ ಬೆಂಬಲ. ನಾನು ಬೆಳಗಾವಿಯವನು. ನನಗೂ ಹೀಗೇ ಆಗಿತ್ತು. ಒಂದು ಕಡೆ ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿಗೆ ಹಾಕುವ ಕವಚ, ಮಾಡಿಕೊಟ್ಟರು. ಹಲ್ಲೇನೋ ಉಳಿಯಿತು. ತಲೆನೋವು, ಸುಸ್ತು ಹಾಗೇ ಇದ್ದವು. ಆಫೀಸಿನಲ್ಲಿ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕಣ್ಣು ಮುಚ್ಚಿಹೋಗುತ್ತಿತ್ತು. ಬಿಪಿ ಮಾತ್ರೆ ಎರಡಾದರೂ ಹಿಡಿತಕ್ಕೆ ಬರಲಿಲ್ಲ. ಕೊನೆಗೆ ಬಿಪಿ ನೋಡುವ ಡಾಕ್ಟರೇ ನಿದ್ದೆ ಪರೀಕ್ಷೆ ಮಾಡಿಸಿ ಅಂದರು.

ಆ ರಾತ್ರಿ ಹೇಗಿತ್ತು ಅಂತ ಹೇಳುತ್ತೇನೆ, ಹೆದರುವವರಿಗೆ ಧೈರ್ಯ ಬರಲಿ. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ಅಂಟುವ ತಂತಿ. ಎದೆಗೆ, ಹೊಟ್ಟೆಗೆ ಒಂದೊಂದು ಪಟ್ಟಿ. ಮೂಗಿನ ಕೆಳಗೆ ಸಣ್ಣ ನಳಿಕೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಚುಚ್ಚುವುದು ಏನೂ ಇಲ್ಲ. ಇಷ್ಟೆಲ್ಲ ಹಾಕಿಕೊಂಡು ನಿದ್ದೆ ಬರಲ್ಲ ಅಂದುಕೊಂಡಿದ್ದೆ, ಬಂತು. ದವಡೆಗೂ ತಂತಿ ಹಾಕಿ ಅಂತ ದಂತವೈದ್ಯರು ಚೀಟಿ ಬರೆದು ಕೊಟ್ಟಿದ್ದರು, ಹಾಗಾಗಿ ಕೆನ್ನೆಯ ಮೇಲೂ ಒಂದು ಜೋಡಿ ಅಂಟಿಸಿದರು. ಬೆಳಿಗ್ಗೆ ಪರದೆಯ ಮೇಲೆ ತೋರಿಸಿದರು. ಉಸಿರಿನ ಗೆರೆ ನೇರ ಆಗುತ್ತದೆ, ಆಮ್ಲಜನಕ ಇಳಿಯುತ್ತದೆ, ಮಿದುಳು ಎಚ್ಚರಗೊಳ್ಳುತ್ತದೆ, ಉಸಿರು ಬರುತ್ತದೆ, ಅದರ ಹಿಂದೆಯೇ ದವಡೆಯ ಗೆರೆ ದಪ್ಪಗೆ ಏಳುತ್ತದೆ. ರಾತ್ರಿಯೆಲ್ಲ ಇದೇ.

ಈಗ ಸಿಪ್ಯಾಪ್ ಮಷೀನ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಯಂತ್ರ) ಹಾಕಿಕೊಂಡು ಮಲಗುತ್ತೇನೆ. ಹೆಂಡತಿ ಹೇಳುವ ಪ್ರಕಾರ ಕಡಿಯುವ ಸದ್ದು ಭಾಳ ಕಡಿಮೆಯಾಗಿದೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ.

ದವಡೆ ಡಾಕ್ಟರ್

ಟಿಳಕವಾಡಿ ಸರ್ ಹೇಳಿದ ಕೊನೆಯ ಮಾತು ಮುಖ್ಯ. ಉಸಿರುಗಟ್ಟುವಿಕೆ ಮತ್ತು ಹಲ್ಲುಕಡಿತ ಒಬ್ಬರಲ್ಲೇ ಇರಬಹುದು, ಆದರೆ ಪ್ರತಿ ಕಡಿತಕ್ಕೂ ಉಸಿರೇ ಕಾರಣ ಅಲ್ಲ. ಕೆಲವರಲ್ಲಿ ಮಾತ್ರ ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಆದರೂ ಮೊದಲು ಉಸಿರು ನೋಡಿ ಅಂತ ನಾನು ಹಟ ಮಾಡುವುದಕ್ಕೆ ಕಾರಣ ಇದೆ. ಮೇಲಿನ ದವಡೆಗೆ ಮಾತ್ರ ಹಾಕುವ ಸಾಮಾನ್ಯ ಗಾರ್ಡ್ ಉಸಿರುಗಟ್ಟುವಿಕೆ ಇರುವ ಕೆಲವರಲ್ಲಿ ಅದನ್ನು ಇನ್ನೂ ಕೆಡಿಸಬಹುದು. ಅಂಥವರಿಗೆ ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಿಡುವ ಬೇರೆ ಸಾಧನ ಇದೆ, ಅಥವಾ ಸಿಪ್ಯಾಪ್ ಇದೆ. ಉಸಿರು ನಿಲ್ಲುವುದನ್ನು ಬಿಟ್ಟು ಬರೀ ಹಲ್ಲು ಕಾಯುತ್ತಾ ಕೂತರೆ ಹೃದಯ, ಬಿಪಿ ಕಡೆ ಪೆಟ್ಟು ಬೀಳುತ್ತದೆ.

ಇನ್ನೊಂದು ವಿಷಯ. ನಿದ್ದೆಯಲ್ಲಿ ನಾಲಿಗೆ ಕಚ್ಚಿಕೊಂಡು ರಕ್ತ ಬರುವುದು, ಮೈ ಸೆಟೆದು ಅದುರುವುದು, ಹಾಸಿಗೆಯಲ್ಲಿ ಮೂತ್ರ ಹೋಗುವುದು ಇದ್ದರೆ ಅದು ಮೂರ್ಛೆರೋಗ ಆಗಿರಬಹುದು. ಕನಸಿನಲ್ಲಿ ಕಿರುಚಿ, ಒದೆಯುವ ವಯಸ್ಸಾದವರನ್ನೂ ನರರೋಗ ತಜ್ಞರಿಗೆ ತೋರಿಸಬೇಕು. ಇವು ದಂತವೈದ್ಯರ ಕುರ್ಚಿಯಲ್ಲಿ ತೀರ್ಮಾನ ಆಗುವ ವಿಷಯಗಳಲ್ಲ.

ವಿಜಯಪುರ ಓದುಗ

ಮೇಡಂ, ಮಾತ್ರೆಗಳ ಬಗ್ಗೆ ಕೇಳಿದ್ದಿರಿ. ನನಗೆ ಆತಂಕಕ್ಕೆ ಸರ್ಟ್ರಾಲಿನ್ ಶುರು ಮಾಡಿದ ಮೇಲೆ ದವಡೆ ಬಿಗಿ ಶುರುವಾಯಿತು. ಬೆಳಿಗ್ಗೆ ಬಾಯಿ ತೆರೆಯಲು ಕಷ್ಟ. ಮನಸ್ಸಿಗೆ ಮಾತ್ರ ಮಾತ್ರೆಯಿಂದ ತುಂಬಾ ಒಳ್ಳೆಯದಾಗಿದೆ. ಮನೆಯಲ್ಲಿ ಮಾತ್ರೆ ಬಿಡು ಅಂತಿದ್ದಾರೆ. ಬಿಡಲಾ?

ದವಡೆ ಡಾಕ್ಟರ್

ದಯವಿಟ್ಟು ಬಿಡಬೇಡಿ. ಹಠಾತ್ತಾಗಿ ನಿಲ್ಲಿಸಿದರೆ ತಲೆಸುತ್ತು, ಕಳವಳ, ನಿದ್ದೆಗೇಡು ಬರುತ್ತದೆ, ಹಳೆಯ ಆತಂಕವೂ ಮರಳಬಹುದು. ಸರ್ಟ್ರಾಲಿನ್, ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್, ಇವುಗಳಿಂದ ಕೆಲವರಲ್ಲಿ ಹಲ್ಲುಕಡಿತ ಬರುವುದು ಗೊತ್ತಿರುವ ವಿಷಯ. ಮಾತ್ರೆ ಬರೆದ ಮನೋವೈದ್ಯರಿಗೇ ಹೇಳಿ. ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆಗೆ ಬದಲಿಸಬಹುದು, ಕೆಲವರಿಗೆ ಬಸ್ಪಿರೋನ್ ಅನ್ನುವ ಮಾತ್ರೆ ಜೊತೆಗೆ ಕೊಡುತ್ತಾರೆ. ಅಲ್ಲಿಯವರೆಗೆ ಹಲ್ಲು ಕಾಯಲು ಸ್ಪ್ಲಿಂಟ್ ಇದೆ. ಮಾತ್ರೆ ಶುರುವಾದ ತಿಂಗಳು, ಕಡಿತ ಶುರುವಾದ ತಿಂಗಳು, ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅವರಿಗೆ ತೀರ್ಮಾನ ಮಾಡಲು ಸುಲಭ.

ನವನಗರ ಮನೆ

ಡಾಕ್ಟ್ರೇ, ನಿಮ್ಮ ಪ್ರಶ್ನೆಗಳಿಗೆ ಉತ್ತರ. ಗೊರಕೆ ಇದೆ, ಜೋರು. ಉಸಿರು ನಿಲ್ಲುತ್ತದಾ ಅಂತ ನಾನು ಯಾವತ್ತೂ ಗಮನ ಕೊಟ್ಟಿರಲಿಲ್ಲ. ನಿನ್ನೆ ರಾತ್ರಿ ಮೊಬೈಲ್ ಹಿಡಿದು ಕೂತೆ. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಗಪ್ ಅಂತ ನಿಲ್ಲುತ್ತದೆ, ಎದೆ ಮಾತ್ರ ಏಳುತ್ತಿರುತ್ತದೆ, ಬಾಯಿಂದ ಗಾಳಿ ಇಲ್ಲ. ಆಮೇಲೆ ದೊಡ್ಡದಾಗಿ ಒಂದು ಉಸಿರು ಎಳೆದುಕೊಂಡು ಮಗ್ಗುಲು ತಿರುಗುತ್ತಾರೆ. ಅದಾದ ಕೂಡಲೇ ಕರ್ ಕರ್. ನೋಡಿ ನನಗೆ ಕೈಕಾಲು ತಣ್ಣಗಾಯಿತು. ಅವರಿಗೂ ತೋರಿಸಿದೆ. ಈಗ ಒಪ್ಪಿದ್ದಾರೆ.

ಬಿಪಿ ಸ್ವಲ್ಪ ಜಾಸ್ತಿ ಅಂತ ಕಾರ್ಖಾನೆಯ ಆರೋಗ್ಯ ತಪಾಸಣೆಯಲ್ಲಿ ಬಂದಿತ್ತು, ಮಾತ್ರೆ ಶುರು ಮಾಡಿಲ್ಲ. ರಾತ್ರಿ ಪಾಳಿಯಲ್ಲಿ ಚಹಾ ಮೇಲೆ ಚಹಾ. ಎಲೆ ಅಡಕೆ ತಂಬಾಕು ಇದೆ. ಸಾರಾಯಿ ಇಲ್ಲ. ಊಟ ಮಾಡಿ ಹಾಗೇ ಅಡ್ಡಾಗುತ್ತಾರೆ, ಎದೆಯುರಿ ಅಂತ ಆಗಾಗ ಹೇಳುತ್ತಾರೆ.

ದವಡೆ ಡಾಕ್ಟರ್

ಆ ವಿಡಿಯೋ ಇಟ್ಟುಕೊಳ್ಳಿ, ಅಳಿಸಬೇಡಿ. ಪಕ್ಕದಲ್ಲಿ ಮಲಗುವವರು ಕಂಡದ್ದಕ್ಕೆ ಭಾಳ ಬೆಲೆ ಇದೆ.

ಈಗ ಮಾಡಬೇಕಾದದ್ದು. ಮೊದಲು ಎಂಡಿ ಡಾಕ್ಟರ್, ಇಲ್ಲವೇ ಇಎನ್‌ಟಿ ಅಥವಾ ಶ್ವಾಸಕೋಶ ತಜ್ಞರಿಗೆ ತೋರಿಸಿ ನಿದ್ದೆ ಪರೀಕ್ಷೆಯ ಬಗ್ಗೆ ಕೇಳಿ. ಬಾಗಲಕೋಟೆಯಲ್ಲೇ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇದೆ, ಅಲ್ಲಿ ವಿಚಾರಿಸಿ. ಮನೆಯಲ್ಲೇ ಮಾಡುವ ಸಣ್ಣ ಪರೀಕ್ಷೆಯೂ ಇದೆ. ಅದರಲ್ಲಿ ಸಾಮಾನ್ಯವಾಗಿ ದವಡೆಯ ಸ್ನಾಯು ದಾಖಲಾಗುವುದಿಲ್ಲ, ಉಸಿರು ಮಾತ್ರ. ನಿಮಗೆ ಸದ್ಯಕ್ಕೆ ಅಷ್ಟು ಸಾಕು. ಉಸಿರು ಗಂಟೆಗೆ 5ರಿಂದ 15 ಸಲ ಕಟ್ಟಿದರೆ ಸಣ್ಣದು, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ ಅಂತ ಲೆಕ್ಕ.

ಹಲ್ಲಿನ ಕಡೆಗೆ ದಂತ ಕಾಲೇಜಿಗೆ ಹೋಗಿ. ಬಾಗಲಕೋಟೆಯಲ್ಲಿ ಬಿ.ವಿ.ವಿ. ಸಂಘದ ಪಿ.ಎಂ.ಎನ್.ಎಂ. ದಂತ ಕಾಲೇಜು ಇದೆ, ವಿಜಯಪುರದಲ್ಲಿ ಅಲ್ ಅಮೀನ್, ಬೆಳಗಾವಿಯಲ್ಲಿ ಕೆಎಲ್‌ಇ ವಿ.ಕೆ. ಕಾಲೇಜು. ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ, ಸಮಯ ಜಾಸ್ತಿ ಹಿಡಿಯುತ್ತದೆ. ಒಂದು ಕಡೆಯೇ ಎಲ್ಲ ವಿಭಾಗ ಸಿಗುತ್ತದೆ.

ಅಲ್ಲಿ ಏನು ನೋಡುತ್ತಾರೆ ಅಂದರೆ, ಕೆನ್ನೆಯ ಒಳಗೆ ಹಲ್ಲು ಕೂಡುವ ಸಾಲಿಗೆ ಬಿಳಿ ಗೆರೆ ಇದೆಯಾ, ನಾಲಿಗೆಯ ಅಂಚಲ್ಲಿ ಹಲ್ಲಿನ ಅಚ್ಚು ಮೂಡಿದೆಯಾ, ದವಡೆಯ ಸ್ನಾಯು ದಪ್ಪಗಾಗಿದೆಯಾ. ಇದನ್ನು ನೀವೇ ನೋಡಿಕೊಳ್ಳಬಹುದು. ಎರಡೂ ಅಂಗೈ ಕೆನ್ನೆಯ ಹಿಂದೆ, ದವಡೆಯ ಮೂಲೆಯಲ್ಲಿ ಇಟ್ಟು ಹಲ್ಲು ಒತ್ತಿ. ಕೈಕೆಳಗೆ ಗಡ್ಡೆಯಂತೆ ಉಬ್ಬುವುದೇ ಆ ಸ್ನಾಯು. ಒತ್ತಿದಾಗ ನೋವಿದ್ದರೆ ಹೇಳಿ. ಆಮೇಲೆ ಸವೆದ ಜಾಗ. ಕಡಿದು ಸವೆದ ಹಲ್ಲಿನಲ್ಲಿ ಚಪ್ಪಟೆ, ಹೊಳೆಯುವ ತುಂಡು ಕಾಣುತ್ತದೆ. ದವಡೆಯನ್ನು ಪಕ್ಕಕ್ಕೆ ಸರಿಸಿದಾಗ ಮೇಲಿನ ಕೋರೆಹಲ್ಲಿನ ಚಪ್ಪಟೆ ಜಾಗವೂ ಕೆಳಗಿನದೂ ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಆಮ್ಲದಿಂದ ಕರಗಿದ ಹಲ್ಲಿನಲ್ಲಿ ಹಾಗಲ್ಲ, ದವಡೆ ಹಲ್ಲಿನ ತುದಿಗಳಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಎದೆಯುರಿ ಇರುವವರಲ್ಲಿ ಎರಡೂ ಕೂಡಿರಬಹುದು. ಅನ್ನನಾಳಕ್ಕೆ ಸ್ವಲ್ಪ ಆಮ್ಲ ಬಿಟ್ಟು ನೋಡಿದ ಪ್ರಯೋಗದಲ್ಲಿ ನಿದ್ದೆಯ ದವಡೆ ಚಟುವಟಿಕೆ ಜಾಸ್ತಿಯಾದದ್ದು ಕಂಡಿದೆ. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆ ಬಿಡಿ ಅನ್ನುವುದು ಅದಕ್ಕೇ. ಪಾಳಿಯವರಿಗೆ ಕಷ್ಟ, ಗೊತ್ತು. ಆದಷ್ಟು ಮಾಡಿ.

ಸವೆತ ಕಂಡ ಮಾತ್ರಕ್ಕೆ ಈಗಲೂ ಕಡಿಯುತ್ತಾರೆ ಅಂತಲ್ಲ. ಅದು ಹತ್ತು ವರ್ಷದ ಹಿಂದಿನದೂ ಇರಬಹುದು. ಅದಕ್ಕೇ ಮೂರು ದರ್ಜೆ ಮಾಡಿದ್ದಾರೆ. ಬರೀ ಹೇಳಿಕೆಯಿದ್ದರೆ "ಇರಬಹುದು", ಬಾಯಿ ಪರೀಕ್ಷೆಯಲ್ಲಿ ಗುರುತು ಸಿಕ್ಕರೆ "ಬಹುತೇಕ ಇದೆ", ಯಂತ್ರದಲ್ಲಿ ದಾಖಲಾದರೆ "ಖಚಿತ".

ಇಳಕಲ್ ಸೀರೆ

ಇದನ್ನು ಓದಿ ನನಗೊಂದು ಅನುಮಾನ. ನಮ್ಮೂರ ಕಡೆ ಎಷ್ಟೋ ಜನರ ಹಲ್ಲು ಕಂದು ಬಣ್ಣ, ಅಂಚು ಉದುರಿದಂತೆ ಇರುತ್ತದೆ. ನನ್ನದೂ ಹಾಗೇ. ಒಬ್ಬರು ನೋಡಿ "ರಾತ್ರಿ ಹಲ್ಲು ಕಡಿಯುತ್ತೀರಿ" ಅಂದರು. ಮನೆಯಲ್ಲಿ ಯಾರೂ ಸದ್ದು ಕೇಳಿಲ್ಲ, ನೋವೂ ಇಲ್ಲ.

ದವಡೆ ಡಾಕ್ಟರ್

ಒಳ್ಳೆಯ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಕೇಳಲೇಬೇಕು. ಹುನಗುಂದ, ಇಳಕಲ್ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಒಪ್ಪುತ್ತಾರೆ. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದ ಒಳಗೆ, ಅದಕ್ಕಿಂತ ಜಾಸ್ತಿ ಕುಡಿದರೆ ಎನಾಮಲ್ ಗಟ್ಟಿಯಾಗುವುದಿಲ್ಲ. ಹಲ್ಲಿಗೆ ಕಂದು ಕಲೆ, ಗುಳಿ ಬೀಳುತ್ತದೆ. ಅಂಥ ಎನಾಮಲ್ ಮಾಮೂಲಿ ಊಟಕ್ಕೇ ಉದುರುತ್ತದೆ. ಹಿಂದೆ ಬೀಸುಕಲ್ಲಿನ ಹಿಟ್ಟಿನ ರೊಟ್ಟಿ ತಿಂದ ಹಿರಿಯರ ಹಲ್ಲೂ ಸವೆದಿರುತ್ತದೆ. ಮಿಶ್ರಿ (ಹುರಿದ ತಂಬಾಕಿನ ಪುಡಿ) ತಿಕ್ಕುವವರದು, ಅಡಕೆ ಜಗಿಯುವವರದು ಕೂಡ. ಇದನ್ನೆಲ್ಲ ಹಲ್ಲುಕಡಿತ ಅಂತ ಕರೆದು ಗಾರ್ಡ್ ಕೊಟ್ಟರೆ ದುಡ್ಡು ದಂಡ. ನಿಮಗೆ ಸದ್ದಿಲ್ಲ, ಬೆಳಗಿನ ಬಿಗಿತ ಇಲ್ಲ, ಸ್ನಾಯು ನೋವಿಲ್ಲ. ಫ್ಲೋರೋಸಿಸ್, ಅಂದರೆ ಈ ಫ್ಲೋರೈಡ್ ಹಾನಿ, ಅಂತಲೇ ಮೊದಲು ನೋಡಿಸಿ.

ಜಮಖಂಡಿ ಅಮ್ಮ

ನನ್ನ ಮಗನಿಗೆ ಆರು ವರ್ಷ. ಅವನೂ ರಾತ್ರಿ ಕಡಿಯುತ್ತಾನೆ. ಹುಳದ ಗುಳಿಗೆ ಶಾಲೆಯಲ್ಲೇ ಆಗಿದೆ. ಆದರೂ ನಿಂತಿಲ್ಲ. ಅವನಿಗೂ ಗಾರ್ಡ್ ಹಾಕಿಸಬೇಕಾ?

ದವಡೆ ಡಾಕ್ಟರ್

ಬೇಡ ಅಮ್ಮ. ಈ ವಯಸ್ಸಿನಲ್ಲಿ ಹಾಲುಹಲ್ಲು ಬೀಳುತ್ತಿರುತ್ತವೆ, ದವಡೆ ಬೆಳೆಯುತ್ತಿರುತ್ತದೆ. ಗಟ್ಟಿ ಗಾರ್ಡ್ ಸಾಮಾನ್ಯವಾಗಿ ಕೊಡುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾಗುತ್ತಾ ತಾನಾಗೇ ಕಡಿಮೆಯಾಗುತ್ತದೆ. ಒಂದು ಮಾತ್ರ ನೋಡಿ. ಮಗ ಬಾಯಿ ತೆರೆದು ಮಲಗುತ್ತಾನಾ? ಗೊರಕೆ, ಪದೇ ಪದೇ ನೆಗಡಿ, ಬೆವರು, ಕತ್ತು ಹಿಂದಕ್ಕೆ ಚಾಚಿ ಮಲಗುವುದು? ಇದ್ದರೆ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಅನ್ನುವ ಗಡ್ಡೆ ದೊಡ್ಡದಾಗಿರಬಹುದು. ಇಎನ್‌ಟಿ ಡಾಕ್ಟರಿಗೆ ತೋರಿಸಿ. ಅದನ್ನು ಸರಿ ಮಾಡಿದ ಮೇಲೆ ಎಷ್ಟೋ ಮಕ್ಕಳ ಹಲ್ಲುಕಡಿತವೂ ಇಳಿದಿದೆ. ಮಲಗುವ ಮುಂಚೆ ಮೊಬೈಲ್ ಬೇಡ, ಚಹಾ ಬೇಡ. ನಮ್ಮ ಕಡೆ ಮಕ್ಕಳಿಗೂ ಚಹಾ ಕೊಡುತ್ತೇವಲ್ವಾ, ಅದನ್ನು ಬಿಡಿಸಿ.

ಬನಹಟ್ಟಿ ಮಗ್ಗ

ನನ್ನದು ಪವರ್‌ಲೂಮ್ ಕೆಲಸ. ನನಗೆ ಹಗಲೇ ಹಲ್ಲು ಬಿಗಿ ಬರುತ್ತದೆ. ನೂಲು ಹರಿದಾಗ ಬಗ್ಗಿ ಎಳೆ ಕಟ್ಟುತ್ತೇವೆ, ಆಗ ನೋಡಿಕೊಂಡರೆ ಹಲ್ಲು ಗಟ್ಟಿಯಾಗಿ ಕಚ್ಚಿರುತ್ತೇನೆ. ಸಂಜೆ ಕಿವಿಯ ಹತ್ತಿರ ನೋವು. ರಾತ್ರಿ ಕಡಿಯುತ್ತೇನೋ ಇಲ್ಲವೋ ಗೊತ್ತಿಲ್ಲ.

ದವಡೆ ಡಾಕ್ಟರ್

ಅಣ್ಣಾ, ಹಗಲಿನದು ಬೇರೆ, ರಾತ್ರಿಯದು ಬೇರೆ. ಹಗಲಿನದನ್ನು ನೀವೇ ಬಿಡಿಸಿಕೊಳ್ಳಬಹುದು. ಸುಮ್ಮನಿರುವಾಗ ಹಲ್ಲಿಗೆ ಹಲ್ಲು ತಾಗಬಾರದು. ತುಟಿ ಕೂಡಿರಲಿ, ಹಲ್ಲು ಬಿಡಿಯಾಗಿರಲಿ, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲಿನ ಹಿಂದೆ ಅಂಗುಳಕ್ಕೆ ಹಗುರವಾಗಿ ಇರಲಿ. ಮಗ್ಗದ ಮೇಲೆ ಕಣ್ಣಿಗೆ ಕಾಣುವ ಜಾಗದಲ್ಲಿ ಒಂದು ಬಣ್ಣದ ಚುಕ್ಕೆ ಅಂಟಿಸಿ. ಅದು ಕಂಡಾಗಲೆಲ್ಲ ಹಲ್ಲು ಬಿಡಿಸಿಕೊಳ್ಳಿ. ಎಳೆ ಕಟ್ಟಿ ಎದ್ದ ಮೇಲೆ ಒಂದು ಉದ್ದ ಉಸಿರು ಬಿಡಿ. ನೋವಿದ್ದ ಕಡೆ ಬಿಸಿನೀರಿನ ಬಟ್ಟೆ ಇಡಿ, ಕೆಲವು ದಿನ ಕಡಕ್ ರೊಟ್ಟಿ ಬಿಟ್ಟು ಮೆತ್ತನೆಯ ರೊಟ್ಟಿ, ಅನ್ನ ತಿನ್ನಿ. ಬಾಯಿ ಮೂರು ಬೆರಳು ಹಿಡಿಸುವಷ್ಟು ತೆರೆಯದಿದ್ದರೆ, ಅಥವಾ ದವಡೆ ಸಿಕ್ಕಿಕೊಂಡರೆ ತಡ ಮಾಡದೆ ತೋರಿಸಿ.

ವಿದ್ಯಾಗಿರಿ

ಆನ್‌ಲೈನ್‌ನಲ್ಲಿ ಬಿಸಿನೀರಲ್ಲಿ ಅದ್ದಿ ಕಚ್ಚಿಕೊಳ್ಳುವ ಗಾರ್ಡ್ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನೇ ಹಾಕಿಕೊಂಡರೆ ಸಾಲದಾ? ಕೆಲವರು ದವಡೆಗೆ ಬೊಟಾಕ್ಸ್ ಇಂಜೆಕ್ಷನ್ ಅಂತಲೂ ಹೇಳುತ್ತಾರೆ.

ಲ್ಯಾಬ್ ಕೆಲಸ

ಗಾರ್ಡ್ ಬಗ್ಗೆ ನಾನು ಹೇಳುತ್ತೇನೆ, ಇದು ನನ್ನ ಹೊಟ್ಟೆಪಾಡಿನ ಕೆಲಸ. ದಂತ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಮೆತ್ತನೆಯ ಗಾರ್ಡ್ ಜೋರಾಗಿ ಕಡಿಯುವವರ ಬಾಯಲ್ಲಿ ಬಾಳುವುದಿಲ್ಲ. ವಾಪಸ್ ಬಂದಾಗ ದವಡೆ ಹಲ್ಲಿನ ಜಾಗದಲ್ಲಿ ತೂತು ಬಿದ್ದಿರುತ್ತದೆ. ರಬ್ಬರಿನಂತಿರುವುದರಿಂದ ಕೆಲವರು ಅದನ್ನು ಜಗಿಯಲು ಶುರು ಮಾಡುತ್ತಾರೆ. ಬಿಸಿನೀರಿನದು ಎಲ್ಲ ಹಲ್ಲಿಗೂ ಸಮನಾಗಿ ಕೂರುವುದಿಲ್ಲ.

ಗಟ್ಟಿ ಸ್ಪ್ಲಿಂಟ್ ಹೇಗೆ ಆಗುತ್ತದೆ ಗೊತ್ತಾ? ಡಾಕ್ಟರು ಆಲ್ಜಿನೇಟ್ ಅನ್ನುವ ಅಳತೆ ಪುಡಿಯನ್ನು ನೀರಲ್ಲಿ ಕಲಸಿ ಎರಡೂ ದವಡೆಯ ಅಳತೆ ತೆಗೆಯುತ್ತಾರೆ. ಅದು ಒಣಗಿದರೆ ಕುಗ್ಗುತ್ತದೆ, ಹಾಗಾಗಿ ಕೂಡಲೇ ಕಲ್ಲಿನ ಪುಡಿ ಹಾಕಿ ಅಚ್ಚು ತೆಗೆಯಬೇಕು. ಇಲ್ಲಿ ತಡವಾದರೆ ಮುಂದಿನದೆಲ್ಲ ತಪ್ಪುತ್ತದೆ. ಎರಡು ಅಚ್ಚನ್ನೂ ದವಡೆ ಕೂಡುವ ರೀತಿಯಲ್ಲೇ ಒಂದು ಚೌಕಟ್ಟಿಗೆ ಕೂರಿಸುತ್ತೇವೆ. ಹಿಂದಿನ ಹಲ್ಲುಗಳ ನಡುವೆ ಎರಡು ಮಿಲಿಮೀಟರ್ ಆಸುಪಾಸು ಜಾಗ ಬಿಟ್ಟು ಮೇಣದಲ್ಲಿ ರೂಪ ಕೊಡುತ್ತೇವೆ. ಆಮೇಲೆ ಅಕ್ರಿಲಿಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ತುಂಬಿ, ಬಿಸಿನೀರಿನಲ್ಲಿ ನಿಧಾನ ಗಟ್ಟಿ ಮಾಡಿ, ಉಜ್ಜಿ ಹೊಳಪು ಕೊಡುತ್ತೇವೆ.

ಬಾಯಿಗೆ ಹಾಕುವ ದಿನ ಅವಸರ ಮಾಡಬೇಡಿ. ಡಾಕ್ಟರು ಬಣ್ಣದ ಕಾಗದ ಇಟ್ಟು ಕಚ್ಚಿಸುತ್ತಾರೆ. ಕೆಳಗಿನ ಎಲ್ಲ ದವಡೆ ಹಲ್ಲೂ ಸ್ಪ್ಲಿಂಟ್ ಮೇಲೆ ಸಣ್ಣ ಚುಕ್ಕೆ ಮೂಡಿಸಬೇಕು. ಒಂದು ಕಡೆ ದಪ್ಪ ಗುರುತು, ಇನ್ನೊಂದು ಕಡೆ ಏನೂ ಇಲ್ಲ ಅಂದರೆ ಇನ್ನೂ ಉಜ್ಜಬೇಕು ಅಂತ. ಪಕ್ಕಕ್ಕೆ ಸರಿಸಿದಾಗ ಕೋರೆಹಲ್ಲಿನ ಗುರುತು ಮಾತ್ರ ಬರಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಕೊಟ್ಟು ಐದು ನಿಮಿಷದಲ್ಲಿ ಕಳಿಸಿದರೆ ಕೇಳಿ. ಮತ್ತೆ, ಎಲ್ಲ ಹಲ್ಲನ್ನೂ ಮುಚ್ಚುವಂಥದ್ದೇ ಮಾಡಿಸಿ. ಮುಂದಿನ ಹಲ್ಲಿಗೆ ಮಾತ್ರ ಇರುವುದನ್ನು ವರ್ಷಗಟ್ಟಲೆ ಹಾಕಿದರೆ ಹಿಂದಿನ ಹಲ್ಲು ಜಾಗ ಬಿಡುತ್ತವೆ.

ದವಡೆ ಡಾಕ್ಟರ್

ಲ್ಯಾಬ್ ಅಣ್ಣ ಸರಿಯಾಗಿ ಹೇಳಿದ್ದಾರೆ. ನಾನು ಸೇರಿಸುವುದು ಇಷ್ಟೇ: ಸ್ಪ್ಲಿಂಟ್ ಕಡಿಯುವುದನ್ನು ನಿಲ್ಲಿಸುವುದಿಲ್ಲ. ಮೊದಲ ಕೆಲವು ವಾರ ಕಡಿಮೆಯಾದಂತೆ ಕಂಡರೂ ಮತ್ತೆ ಬರುತ್ತದೆ. ಹಲ್ಲಿನ ಬದಲು ಅಕ್ರಿಲಿಕ್ ಸವೆಯುತ್ತದೆ, ಅದೇ ಅದರ ಉಪಕಾರ. ಇದನ್ನು ಮೊದಲೇ ಹೇಳದಿದ್ದರೆ ಜನ "ಗಾರ್ಡ್ ಕೆಲಸ ಮಾಡಲಿಲ್ಲ" ಅಂತ ಡಬ್ಬದಲ್ಲಿಟ್ಟು ಮರೆಯುತ್ತಾರೆ, ಹಲ್ಲು ಹೋಗುತ್ತದೆ. ನನಗೆ ಇದು ನಿಜವಾಗಿ ಸಂಕಟ ಕೊಡುವ ವಿಷಯ.

ಬೊಟಾಕ್ಸ್ ಸ್ನಾಯುವಿನ ಬಲ ಕುಗ್ಗಿಸುತ್ತದೆ. ಕಡಿಯುವ ಸಲಗಳನ್ನು ಕಡಿಮೆ ಮಾಡುವುದಿಲ್ಲ, ಬಲವನ್ನು ಮಾತ್ರ. ಮೂರರಿಂದ ಆರು ತಿಂಗಳಿಗೆ ಇಳಿಯುತ್ತದೆ, ಮತ್ತೆ ಹಾಕಿಸಬೇಕು. ಪದೇ ಪದೇ ಹಾಕಿಸಿದರೆ ದವಡೆ ಮೂಳೆ ತೆಳುವಾಗಬಹುದು ಅನ್ನುವ ಆತಂಕ ಇದೆ. ಬೇರೆ ಏನೂ ಫಲ ಕೊಡದ, ಭಾರಿ ನೋವಿರುವ ಕೆಲವರಿಗೆ ತಿಳಿದವರ ಕೈಯಲ್ಲಿ ಸರಿ. ಮೊದಲ ಮದ್ದು ಅದಲ್ಲ. ಕ್ಲೊನಾಜೆಪಾಮ್ ಥರದ ನಿದ್ದೆ ಬರಿಸುವ ಗುಳಿಗೆಯನ್ನೂ ಅಂಗಡಿಯಿಂದ ತಂದು ನುಂಗಬೇಡಿ. ಅಭ್ಯಾಸ ಹಿಡಿಸುತ್ತದೆ, ಉಸಿರುಗಟ್ಟುವವರಿಗೆ ಅಪಾಯ ಕೂಡ.

ಹಳೇ ಬಾಗಲಕೋಟಿ ಹಿರಿಯರು

ಡಾಕ್ಟ್ರೇ, ಎಲ್ಲ ಓದಿದೆ. ಮಕ್ಕಳ ಟಾನ್ಸಿಲ್ ವಿಷಯ ಗೊತ್ತಿರಲಿಲ್ಲ. ನಮ್ಮ ಮೊಮ್ಮಗ ಬಾಯಿ ತೆರೆದೇ ಮಲಗುತ್ತಾನೆ. ಸೊಸೆಗೆ ಹೇಳಿ ಇದೇ ವಾರ ತೋರಿಸುತ್ತೇನೆ.

ನವನಗರ ಮನೆ

ಎಲ್ಲರಿಗೂ ಸುದ್ದಿ ತಿಳಿಸಬೇಕು ಅನಿಸಿತು. ನಿದ್ದೆ ಪರೀಕ್ಷೆ ಆಯಿತು. ಮಧ್ಯಮ ದರ್ಜೆ ಅಂತ ಬಂದಿದೆ. ಸಿಪ್ಯಾಪ್ ಹಾಕಿ ನೋಡಿ ಅಂದಿದ್ದಾರೆ, ತೂಕ ಇಳಿಸಿ, ತಂಬಾಕು ಬಿಡಿ ಅಂದಿದ್ದಾರೆ, ಬಿಪಿ ಮಾತ್ರೆ ಶುರುವಾಗಿದೆ. ಮುರಿದ ಹಲ್ಲಿಗೆ ಮಾತ್ರ ದಂತ ಕಾಲೇಜಿನಲ್ಲಿ ಕ್ಯಾಪ್ ಆಗುತ್ತಿದೆ. ಉಳಿದ ಐದನ್ನು ಅಲ್ಲಿ ಇಬ್ಬರು ನೋಡಿ, ಮುಟ್ಟುವ ಅಗತ್ಯ ಇಲ್ಲ ಅಂದರು. ತಿಕ್ಕಿಸದೇ ಇದ್ದದ್ದಕ್ಕೆ ಈ ಚರ್ಚೆಗೆ ನಾನು ಋಣಿ. ಸ್ಪ್ಲಿಂಟ್ ವಿಷಯ, ಸಿಪ್ಯಾಪ್ ಮಷೀನ್ ಹೊಂದಿಕೊಂಡ ಮೇಲೆ ನೋಡೋಣ ಅಂದಿದ್ದಾರೆ.

ಎರಡು ಪ್ರಶ್ನೆ ಉಳಿದಿವೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವಾಗಲೂ ಮಷೀನ್ ಬೇಕಾ? ಸ್ಪ್ಲಿಂಟ್ ಬಂದರೆ ತೊಳೆಯುವುದು ಹೇಗೆ?

ಟಿಳಕವಾಡಿ

ಅಕ್ಕಾ, ಮಷೀನ್ ನಿದ್ದೆಗೆ, ಗಡಿಯಾರಕ್ಕಲ್ಲ. ಹಗಲು ಮಲಗಿದರೂ ಹಾಕಿಕೊಳ್ಳಲೇಬೇಕು, ಮಧ್ಯಾಹ್ನದ ಸಣ್ಣ ನಿದ್ದೆಗೂ. ಮೊದಲ ದಿನಗಳಲ್ಲಿ ಮಾಸ್ಕ್ ಕಿತ್ತು ಹಾಕುತ್ತಾರೆ, ಬೈಯಬೇಡಿ. ಮಲಗುವ ಮುಂಚೆ ಟಿವಿ ನೋಡುತ್ತಾ ಅರ್ಧ ಗಂಟೆ ಹಾಕಿಕೊಂಡು ಕೂತರೆ ರೂಢಿಯಾಗುತ್ತದೆ. ಮಾಸ್ಕ್ ಅಳತೆ ಸರಿಯಿಲ್ಲದಿದ್ದರೆ ಬದಲಿಸಿಕೊಡಿ ಅಂತ ಕೇಳಿ.

ಲ್ಯಾಬ್ ಕೆಲಸ

ಸ್ಪ್ಲಿಂಟನ್ನು ಎದ್ದ ಕೂಡಲೇ ತಣ್ಣೀರಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಬಿಸಿನೀರು ಬೇಡ, ಬಿಸಿಲಲ್ಲಿ ಒಣಗಿಸುವುದು ಬೇಡ, ಆಕಾರ ಕೆಡುತ್ತದೆ. ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಗೀರು ಬೀಳುತ್ತದೆ, ಸ್ವಲ್ಪ ಕೈತೊಳೆಯುವ ಸೋಪು ಸಾಕು. ಡಬ್ಬದಲ್ಲಿಡಿ, ಮೇಜಿನ ಮೇಲೆ ಬಿಟ್ಟರೆ ಕಸ ಅಂತ ಮನೆಯವರು ಗುಡಿಸಿ ಬಿಸಾಡಿದ್ದೂ ಇದೆ.

ದವಡೆ ಡಾಕ್ಟರ್

ಸ್ಪ್ಲಿಂಟ್ ಬಂದ ಮೇಲೆ, ಮತ್ತೆ ತೋರಿಸಲು ಹೋಗುವಾಗ ಅದನ್ನೂ ಜೊತೆಗೆ ಒಯ್ಯಿರಿ. ಎಲ್ಲಿ ಎಷ್ಟು ಸವೆದಿದೆ ಅಂತ ನೋಡಿದರೆ ನಿಮ್ಮ ಮನೆಯವರು ಈಗ ಎಷ್ಟು ಕಡಿಯುತ್ತಿದ್ದಾರೆ ಅಂತ ನಮಗೆ ಗೊತ್ತಾಗುತ್ತದೆ. ಸಿಪ್ಯಾಪ್ ಮೇಲೆ ಇದ್ದಾಗಲೇ ಇನ್ನೊಂದು ರಾತ್ರಿ ಮೊಬೈಲ್‌ನಲ್ಲಿ ಸದ್ದು ರೆಕಾರ್ಡ್ ಮಾಡಿ ದಂತ ಕಾಲೇಜಿನವರಿಗೆ ಕೇಳಿಸಿ. ಸದ್ದು ಇಳಿಯದಿದ್ದರೆ ಸ್ಪ್ಲಿಂಟ್ ಬೇಗ ಮಾಡಿಸೋಣ, ಕ್ಯಾಪ್ ಹಾಕಿದ ಹಲ್ಲನ್ನು ಬರಿದೇ ಬಿಡುವುದು ಬೇಡ.